ಕೃತಜ್ಞತೆಯ ಪುಟದಲ್ಲಿ ಚಿಕ್ಕಮ್ಮ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವಡೋದರಾದಲ್ಲಿ ಚಿಕ್ಕಮ್ಮನ ಹೋಟೆಲಿನ ಮಹಡಿಯಲ್ಲಿ ನಾವು ಸುತ್ತ ಕೂತು ಚರ್ಚೆ ಮಾಡುತ್ತಿದ್ದ ಮೇಜಿಗೆ ಹಸಿರು ಸನ್‌ಮೈಕಾ ಇತ್ತು ಎಂದು ನನ್ನ ನೆನಪು. ನಮ್ಮ ಸ್ಪರ್ಧೆಯ ತಂಡದಲ್ಲಿದ್ದ ಗೆಳತಿ ಅದು ಕಂದು ಎನ್ನುತ್ತಾಳೆ. ಹೋಟೆಲು ಈಗ ಇಲ್ಲ, ಅಲ್ಲಿ ಮೊಬೈಲ್ ಅಂಗಡಿ ಬಂದಿದೆ, ಹಾಗಾಗಿ ಹೋಗಿ ನೋಡುವಂತಿಲ್ಲ. ಡೈರಿ ಬರೆಯುವ ಅಭ್ಯಾಸ ನನಗೆ ಕಾಲೇಜಿನ ದಿನಗಳಿಂದ ಇದೆ, ಆದರೆ ಅದರಿಂದಲೂ ಉಪಯೋಗವಾಗಲಿಲ್ಲ. ಕಾಲೇಜಿನಲ್ಲಿ ನಮಗೆ ಸಹಾಯ ಮಾಡಿದವರನ್ನೆಲ್ಲ ಕರೆದು ವಂದಿಸಿದ ದಿನದ ಬಗ್ಗೆ ಉದ್ದಕ್ಕೆ ಬರೆದುಕೊಂಡಿದ್ದೇನೆ. ಪದಕ ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು, ಮೈಕು ಕೈಕೊಟ್ಟಿತು, ನನ್ನ ಸೀರೆಯ ನೆರಿಗೆ ಬಿಚ್ಚಿಹೋಯಿತು, ಎಲ್ಲ ಇದೆ. ಚಿಕ್ಕಮ್ಮನ ಬಗ್ಗೆ ಒಂದು ಸಾಲೂ ಇಲ್ಲ. ಆ ದಿನದ ಸಂಗತಿಗಳಲ್ಲಿ ನನಗೆ ಈಗ ಬೇಕಾಗಿರುವುದು ಅದೊಂದೇ.

ನಾವು ಚಿಕ್ಕಮ್ಮನಿಗೆ ಕೃತಜ್ಞತೆ ಹೇಳಿದೆವು. ಲೋಕಕ್ಕೆಲ್ಲ ಕಾಣುವ ಜಾಗದಲ್ಲಿ, ಅಳಿಸಲಾಗದ ಹಾಗೆ ಹೇಳಿದೆವು. ಅದರಿಂದ ಅವಳಿಗೆ ನೋವಾಯಿತು ಎಂದು ನಾನು ನಂಬಿದ್ದೇನೆ. ಎಷ್ಟು ನೋವಾಯಿತು, ಯಾರ ಮೇಲೆ ಬೇಸರವಾಯಿತು ಎನ್ನುವುದು ಗೊತ್ತಿಲ್ಲ. ಅವಳನ್ನೇ ಕೇಳಬಹುದಾಗಿದ್ದ ಕಾಲದಲ್ಲಿ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ.

ನಾನು ಬೆಳೆದದ್ದು ಸೂರತ್ತಿನ ಅಡಾಜಣ್‌ನಲ್ಲಿ. ಅಪ್ಪ ಉಡುಪಿ ಕಡೆಯಿಂದ ಬಂದು ಅಲ್ಲಿ ಹೋಟೆಲು ಹಾಕಿದವರು. ಅಮ್ಮನ ತಂಗಿಯನ್ನೂ ಹೋಟೆಲಿನವರಿಗೇ ಕೊಟ್ಟಿದ್ದರು, ವಡೋದರಾದಲ್ಲಿ. ನಾನು ಶಾಲೆಯಲ್ಲಿದ್ದಾಗಲೇ ಚಿಕ್ಕಪ್ಪ ಸೂರತ್ತಿನಲ್ಲಿ ಇನ್ನೊಂದು ಹೋಟೆಲು ತೆರೆದು ಅಲ್ಲೇ ಉಳಿದರು. ಚಿಕ್ಕಮ್ಮ ವಡೋದರಾದ ಹಳೆಯ ಹೋಟೆಲಿನ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಮುಂದೆ, ಕೂತಳು. ಇದರಲ್ಲಿ ವಿಚಿತ್ರ ಎನ್ನಿಸುವಂಥದ್ದು ನನಗೇನೂ ಕಾಣಲಿಲ್ಲ. ನಮ್ಮವರಲ್ಲಿ ಗಂಡ ಒಂದು ಊರಿನ ಹೋಟೆಲಿನಲ್ಲಿ, ತಮ್ಮ ಇನ್ನೊಂದು ಊರಿನಲ್ಲಿ, ಹೆಂಡತಿ ಮಕ್ಕಳು ಮತ್ತೊಂದು ಕಡೆ ಎಂಬ ಸಂಸಾರಗಳು ಎಷ್ಟೋ ಇದ್ದವು. ಎರಡು ಗಲ್ಲೆ ಇದ್ದರೆ ಇಬ್ಬರು ಬೇಕಲ್ಲ.

ಚಿಕ್ಕಪ್ಪ ಎಷ್ಟೋ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಬರುವಾಗ ಬಿಸಿ ಲೋಚೋ ಕಟ್ಟಿಸಿಕೊಂಡು ಬರುತ್ತಿದ್ದರು, ಮೇಲೆ ಸೇವು ಉದುರಿಸಿದ ಆ ಕಡಲೆಹಿಟ್ಟಿನ ತಿಂಡಿ ನನಗೆ ಇಷ್ಟವೆಂದು. ನಾನು ವಡೋದರಾಕ್ಕೆ ಓದಲು ಹೋದ ಮೇಲೆ, ರಜೆಗೆ ಬಂದಾಗಲೆಲ್ಲ ಕೇಳುತ್ತಿದ್ದರು.

"ಹೇಗಿದ್ದಾಳೆ ನಿನ್ನ ಚಿಕ್ಕಮ್ಮ? ನಂಗೆ ಬೈತಾಳಾ?"

"ಬೈಲಿಕ್ಕೆ ಅವಳಿಗೆ ಪುರುಸೊತ್ತಿಲ್ಲ," ಎಂದು ನಾನು ಹೇಳಿದರೆ ದೊಡ್ಡದಾಗಿ ನಗುತ್ತಿದ್ದರು. ಅಮ್ಮ ಆ ಹೊತ್ತಿಗೆ ಸಾರು ತರಲು ಒಳಗೆ ಹೋಗಿರುತ್ತಿದ್ದಳು. ಹೋಗಿರುತ್ತಿದ್ದಳೋ, ಅಥವಾ ಈಗ ನೆನಪಿನಲ್ಲಿ ನಾನೇ ಅವಳನ್ನು ಒಳಗೆ ಕಳಿಸುತ್ತಿದ್ದೇನೋ.

ವಡೋದರಾದಲ್ಲಿ ನಾನು ಜೀವತಂತ್ರಜ್ಞಾನ ಓದಿದೆ, ಇದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಮೂರನೆಯ ವರ್ಷ ನಾವು ಕೆಲವರು ಸೇರಿ ವಿದ್ಯಾರ್ಥಿಗಳ ಒಂದು ದೊಡ್ಡ ಸ್ಪರ್ಧೆಗೆ ಹೆಸರು ಕೊಟ್ಟೆವು. ಜೀವಾಣುವಿನೊಳಗೆ ಹೊಸ ಗುಣ ಸೇರಿಸಿ ಅದರಿಂದ ಏನಾದರೂ ಕೆಲಸ ಮಾಡಿಸಿ ತೋರಿಸಬೇಕು. ಸೂರತ್ತಿನ ಖಾಡಿಗಳಲ್ಲಿ, ಅಂದರೆ ಊರೊಳಗಿನ ತೊರೆಗಳಲ್ಲಿ, ಬಟ್ಟೆಯ ಬಣ್ಣದ ನೀರು ಹರಿಯುವುದನ್ನು ನೋಡುತ್ತ ಬೆಳೆದವಳು ನಾನು. ಆ ಬಣ್ಣವನ್ನು ಒಡೆದು ತಿನ್ನುವ ಬ್ಯಾಕ್ಟೀರಿಯಾ ಮಾಡೋಣ ಎಂದು ಹೇಳಿದವಳು ನಾನೇ ಎಂದುಕೊಂಡಿದ್ದೇನೆ. ಬೇರೆ ಇಬ್ಬರು ಕೂಡ ತಾವೇ ಹೇಳಿದ್ದು ಎಂದುಕೊಂಡಿದ್ದಾರೆ.

ನಮಗೆ ಪಾಠ ಹೇಳುತ್ತಿದ್ದ ಸರ್ ಪ್ರಯೋಗಾಲಯದ ಒಂದು ಮೂಲೆ ಬಿಟ್ಟುಕೊಟ್ಟರು. ಪಿಎಚ್‌ಡಿ ಮಾಡುತ್ತಿದ್ದ ಒಬ್ಬರು ದೀದಿ ನಮ್ಮ ಕೈಯಲ್ಲಿ ಕೆಟ್ಟುಹೋದ ಪ್ರಯೋಗಗಳನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿಸಿದರು, ಒಮ್ಮೆಯೂ ದನಿ ಏರಿಸಲಿಲ್ಲ. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮೈಸೂರು ಕಡೆಯ ನಿವೃತ್ತ ವಿಜ್ಞಾನಿಯೊಬ್ಬರಿದ್ದರು. ಸರ್ ನಮ್ಮನ್ನು ಅವರ ಹತ್ತಿರ ಕಳಿಸಿದರು. ಅವರ ಫ್ಲ್ಯಾಟಿನ ಸೋಫಾದಲ್ಲಿ ಸಾಲಾಗಿ ಕೂತು ನಾವು ಇಂಗ್ಲಿಷಿನಲ್ಲಿ ನಮ್ಮ ಯೋಜನೆ ಒಪ್ಪಿಸಿದೆವು. ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಕನ್ನಡದೋಳಲ್ವೇನಮ್ಮ? ಈಗ ಇದನ್ನೇ ಕನ್ನಡದಲ್ಲಿ ಹೇಳು ನೋಡೋಣ."

ಎರಡನೆಯ ವಾಕ್ಯಕ್ಕೇ ನಿಂತುಬಿಟ್ಟೆ.

"ಭಾಷೆ ಬರಲ್ಲ ಅಂತ ಅಲ್ಲ ಇದು," ಎಂದರು. "ವಿಷಯ ಇನ್ನೂ ನಿನ್ನ ಒಳಗೆ ಇಳಿದಿಲ್ಲ. ಇದರ ಗಂಧ ಗಾಳಿ ಇಲ್ಲದೋರು ಒಬ್ಬರನ್ನ ಹಿಡ್ಕೊಂಡು ದಿನಾ ಹೇಳು. ಅವರಿಗೆ ಬೇಜಾರಾಗದೇ ಇದ್ರೆ ಗೆದ್ದೆ ಅಂತ ತಿಳ್ಕೊ."

ಹಾಗೆ ಚಿಕ್ಕಮ್ಮ ನಮ್ಮ ಯೋಜನೆಯೊಳಗೆ ಬಂದಳು. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯ ದೋಸೆಯವರು ಬರುವ ತನಕ ಮಹಡಿ ಖಾಲಿ ಇರುತ್ತಿತ್ತು. ತಂಡದವರೆಲ್ಲ ಅಲ್ಲಿ ಸೇರುತ್ತಿದ್ದೆವು. ಅವಳು ಫಿಲ್ಟರ್ ಕಾಫಿ ಕಳಿಸಿ, ಸ್ವಲ್ಪ ಹೊತ್ತಿಗೆ ತಾನೂ ಮೇಲೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಉಳಿದವರೆಲ್ಲ ಗುಜರಾತಿಗಳು, ಅವಳನ್ನು ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅವಳ ಪ್ರಶ್ನೆಗಳನ್ನು ಅವರಿಗೆ ಹಿಂದಿಯಲ್ಲಿ ಹೇಳುತ್ತಿದ್ದೆ.

"ಆ ಹುಳಕ್ಕೆ ಬಣ್ಣ ತಿನ್ನಲಿಕ್ಕೆ ಕಲಿಸುದು ಹೇಗೆ? ಶಾಲೆಗೆ ಹಾಕ್ತೀರಾ?"

"ಹುಳ ಅಲ್ಲ ಚಿಕ್ಕಮ್ಮ. ಅದರೊಳಗೆ ಒಂದು ಬರಹದ ಹಾಗೆ ಇರ್ತದೆ, ಏನೇನು ಮಾಡ್ಬೇಕು ಅಂತ. ನಾವು ಇನ್ನೊಂದು ಸಾಲು ಸೇರಿಸ್ತೇವೆ."

"ಅದಕ್ಕೆ ಇಷ್ಟ ಇಲ್ಲದಿದ್ರೆ?"

"ಇಷ್ಟ ಗಿಷ್ಟ ಎಲ್ಲ ಇಲ್ಲ ಅದಕ್ಕೆ."

"ಸರಿ. ಬಣ್ಣ ಎಲ್ಲ ತಿಂದು ಮುಗಿದ ಮೇಲೆ ಎಂತ ಮಾಡ್ತದೆ?"

"ಸಾಯ್ತದೆ. ಬಣ್ಣ ಇಲ್ಲದಿದ್ರೆ ತನ್ನಷ್ಟಕ್ಕೆ ಸಾಯುವ ಹಾಗೆ ನಾವೇ ಮಾಡಿಡ್ತೇವೆ. ಇಲ್ಲದಿದ್ರೆ ಹೊಳೆಯಲ್ಲೆಲ್ಲ ಹಬ್ಬಿಬಿಡ್ತದಲ್ಲ."

"ಹೋ. ಇರುವಷ್ಟು ದಿನ ದುಡಿಸುದು, ಕೆಲಸ ಮುಗಿದ ಕೂಡ್ಲೆ ಹೋಗಿ ಸಾಯಿ ಅನ್ನುದು."

"ಅದಕ್ಕೆ ಗೊತ್ತಾಗುದಿಲ್ಲ ಚಿಕ್ಕಮ್ಮ."

"ಗೊತ್ತಾಗುದಿಲ್ಲ ಅಂತ ಅದು ಬಂದು ನಿನ್ನ ಹತ್ರ ಹೇಳಿತಾ?"

ನಾನು ಇದನ್ನು ಹಿಂದಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಅವಳು ನಕ್ಕಿದ್ದು ಖಂಡಿತ ನೆನಪಿದೆ. ಆದರೆ ಕೆಲಸ ಮುಗಿದ ಕೂಡಲೆ ಎಂಬ ಆ ಮಾತು ಅವಳ ಬಾಯಿಂದ ಹೀಗೆಯೇ ಬಂತೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಮುಂದೆ ನನಗೆ ತಿಳಿದ ಸಂಗತಿ ಹಿಂದಕ್ಕೆ ಹೋಗಿ ಅವಳ ಬಾಯಲ್ಲಿ ಕೂತಿರಬಹುದು. ಬರೆದ ಮೇಲೆ ಇನ್ನೂ ಅನುಮಾನ ಬರುತ್ತಿದೆ. ಅವಳು ಬರೀ ತಮಾಷೆಗೆ ಏನೋ ಅಂದಿರಬಹುದು, ನಾನು ಅದಕ್ಕೆ ದುಃಖ ತುಂಬಿರಬಹುದು.

ಸ್ಪರ್ಧೆಯವರ ನಿಯಮದಂತೆ ಪ್ರತಿ ತಂಡ ತನ್ನ ಕೆಲಸವನ್ನೆಲ್ಲ ಒಂದು ಜಾಲತಾಣದಲ್ಲಿ ಬರೆದಿಡಬೇಕು. ಅದರಲ್ಲಿ ಒಂದು ಪುಟ ಕೃತಜ್ಞತೆಗೆ: ವಿದ್ಯಾರ್ಥಿಗಳಲ್ಲದ ಯಾರು ಏನು ಸಹಾಯ ಮಾಡಿದರು ಎಂದು ಪ್ರಾಮಾಣಿಕವಾಗಿ ಹೇಳಬೇಕು. ಗೊತ್ತುಮಾಡಿದ ಗಳಿಗೆಗೆ ಎಲ್ಲ ತಂಡಗಳ ತಾಣಗಳೂ ಒಟ್ಟಿಗೆ ಸ್ಥಗಿತವಾಗುತ್ತವೆ. ಫ್ರೀಜ್ ಎನ್ನುತ್ತಾರೆ. ಆಮೇಲೆ ಒಂದು ಅಕ್ಷರ ಬದಲಿಸುವಂತಿಲ್ಲ. ತೀರ್ಪುಗಾರರು ನೋಡುವುದು ಅದನ್ನೇ, ಮುಂದಿನ ವರ್ಷಗಳ ವಿದ್ಯಾರ್ಥಿಗಳು ನೋಡುವುದೂ ಅದನ್ನೇ.

ಆ ಪುಟ ಮಾಡಿದವನು ಅಹಮದಾಬಾದಿನ ಹುಡುಗ, ನಮ್ಮೆಲ್ಲರಿಗಿಂತ ಮರ್ಯಾದಸ್ಥ. ಗುಜರಾತಿನಲ್ಲಿ ಒಬ್ಬರ ಪೂರ್ತಿ ಹೆಸರೆಂದರೆ ಮೊದಲು ಅವರ ಹೆಸರು, ನಡುವೆ ಅಪ್ಪನದು, ಮದುವೆಯಾದ ಹೆಂಗಸಾದರೆ ಗಂಡನದು, ಕೊನೆಗೆ ಮನೆತನದ್ದು. ನಮ್ಮ ಊರಲ್ಲಿ ಹಾಗಿಲ್ಲ, ಆದರೆ ಇಲ್ಲಿ ಹುಟ್ಟಿದ ನನ್ನ ಹೆಸರಿನ ನಡುವೆ ಶಾಲೆಗೆ ಸೇರಿದಂದಿನಿಂದ ಅಪ್ಪ ಇದ್ದಾರೆ. ಉಳಿದ ಮಾರ್ಗದರ್ಶಕರ ಹೆಸರುಗಳೆಲ್ಲ ಪೂರ್ತಿ ಇರುವಾಗ ಮಾಸಿಯದನ್ನು ಮಾತ್ರ ತುಂಡಾಗಿ ಹಾಕುವುದು ಅವನಿಗೆ ಅವಮರ್ಯಾದೆ ಅನ್ನಿಸಿತಂತೆ. ಗಲ್ಲೆಯ ಹಿಂದೆ ಗೋಡೆಗೆ ಹೋಟೆಲಿನ ಪರವಾನಗಿಯನ್ನು ಚೌಕಟ್ಟು ಹಾಕಿ ತೂಗುಹಾಕಿದ್ದರು. ಅದು ಚಿಕ್ಕಪ್ಪನ ಹೆಸರಿನಲ್ಲಿತ್ತು. ಅದನ್ನು ನೋಡಿ, ನಡುವೆ ಚಿಕ್ಕಪ್ಪನ ಹೆಸರಿಟ್ಟು ಚಿಕ್ಕಮ್ಮನ ಹೆಸರನ್ನು ಅವನು ಪೂರ್ಣ ಮಾಡಿದ, ಅವಳ ಹೆಸರಿಗೆ ಬೆನ್, ಅಂದರೆ ಅಕ್ಕ, ಎಂದು ಗೌರವಕ್ಕೆ ಸೇರಿಸಿದ. ಫ್ರೀಜ್ ಆಗುವ ಮೊದಲು ನಾನು ಅದನ್ನು ನೋಡಿದ್ದೆನೋ ಇಲ್ಲವೋ. ನೋಡಿದ್ದರೂ ಸರಿಯಾಗಿಯೇ ಇದೆ ಎನ್ನುತ್ತಿದ್ದೆ.

ನಮಗೆ ಪದಕ ಬಂತು, ದೊಡ್ಡದಲ್ಲ. ಸರ್ ಕಾಲೇಜಿನ ಸಭಾಂಗಣದಲ್ಲಿ ಒಂದು ಸಣ್ಣ ಸಭೆ ಇಟ್ಟರು. ಅದೇ ಪುಟವನ್ನು ತೆರೆಯ ಮೇಲೆ ತೋರಿಸುತ್ತ ಒಬ್ಬೊಬ್ಬರನ್ನೇ ಕರೆದು ಗಿಡದ ಕುಂಡ ಕೊಡುವುದು. ಚಿಕ್ಕಮ್ಮ ಆ ಮಧ್ಯಾಹ್ನ ಹೋಟೆಲು ಮುಚ್ಚಿ ಬಂದಿದ್ದಳು. ಹಾಗೆ ಅವಳು ಮುಚ್ಚಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಪಕ್ಕದಲ್ಲಿ ಕೂತು ಕುತ್ತಿಗೆಯ ಸರ ಸರಿಮಾಡಿಕೊಳ್ಳುತ್ತಿದ್ದಳು.

"ಅಲ್ಲಿ ಹೋಗಿ ಮಾತಾಡ್ಲಿಕ್ಕೆ ಉಂಟಾ?"

"ಇಲ್ಲ. ಗಿಡ ತಗೊಂಡು ನಮಸ್ಕಾರ ಮಾಡಿ ಬಂದ್ರಾಯ್ತು."

"ಕಾಫಿ ಕೊಟ್ಟದ್ದಕ್ಕೆ ಗಿಡ. ಊಟ ಹಾಕಿದ್ರೆ ಮರ ಕೊಡ್ತಿದ್ರೋ ಏನೋ."

ಸ್ಯಾಟಲೈಟ್‌ನ ಹಿರಿಯರನ್ನು ಕರೆದರು, ದೀದಿಯನ್ನು ಕರೆದರು. ಆಮೇಲೆ ಚಿಕ್ಕಮ್ಮನ ಫೋಟೊ ಬಂತು, ಗಲ್ಲೆಯ ಹಿಂದೆ ನಗುತ್ತಿರುವುದು. ನಿರೂಪಣೆ ಮಾಡುತ್ತಿದ್ದ ಹುಡುಗಿ ಕೆಳಗಿನ ಹೆಸರನ್ನು ಪೂರ್ತಿಯಾಗಿ, ನಿಧಾನವಾಗಿ ಓದಿದಳು. ಚಿಕ್ಕಮ್ಮ ಏಳಲಿಲ್ಲ. ಹುಡುಗಿ ಇನ್ನೊಮ್ಮೆ ಓದಿದಳು.

"ಹೋಗು ಚಿಕ್ಕಮ್ಮ, ನಿನ್ನನ್ನೇ ಕರೀತಿರುದು."

ಅವಳು ತೆರೆಯನ್ನೇ ನೋಡುತ್ತಿದ್ದಳು. "ಹಾಂ," ಎಂದಳು. ಎದ್ದು ಹೋದಳು. ಈ ತಂಡವನ್ನು ಹಸಿದಿರಲು ಬಿಡದವರು ಎಂದು ಸರ್ ಹೇಳಿದಾಗ ಚಪ್ಪಾಳೆ ಬಿತ್ತು. ಕುಂಡ ತೆಗೆದುಕೊಂಡು ಬಂದು ಕೂತಳು. ಕೊನೆಯವರೆಗೆ ಅದನ್ನು ಕೆಳಗಿಡಲಿಲ್ಲ.

ವಾಪಸು ಬರುವಾಗ ರಿಕ್ಷಾದಲ್ಲಿ ಕೇಳಿದಳು.

"ಆ ಪುಟ ಹೊರಗಿನವರಿಗೂ ಕಾಣ್ತದಾ?"

"ಯಾರಿಗೆ ಬೇಕಾದ್ರೂ ಕಾಣ್ತದೆ. ಅಮೆರಿಕದವರಿಗೂ."

"ಸೂರತ್ತಿನವರಿಗೆ?"

ನಾನು ನಕ್ಕೆ. "ಅವರಿಗೂ ಕಾಣ್ತದೆ ಚಿಕ್ಕಮ್ಮ."

ಮಡಿಲಿನ ಕುಂಡ ಸರಿಮಾಡಿಕೊಂಡು, "ನನ್ನದನ್ನು ತೆಗಿಲಿಕ್ಕೆ ಆಗ್ತದಾ?" ಎಂದಳು.

"ಯಾಕೆ? ಆಗುದಿಲ್ಲ, ಪುಟ ಫ್ರೀಜ್ ಆಗಿದೆ."

"ಫ್ರೀಜಿನಲ್ಲಿ ಇಟ್ಟದ್ದನ್ನು ಹೊರಗೆ ತೆಗಿಲಿಕ್ಕೆ ಉಂಟಲ್ಲ ಮಾರಾಯ್ತಿ."

ಮತ್ತೆ ನಕ್ಕೆ. ಸಂಕೋಚ ಅಂದುಕೊಂಡೆ. ಹೊಗಳಿಕೆ ಕೇಳಿದರೆ ಅಡುಗೆಮನೆಗೆ ಎದ್ದು ಹೋಗುವ ಹೆಂಗಸರ ನಡುವೆ ಬೆಳೆದವಳು ನಾನು. ಮನೆ ಬಂತು. ಆ ಮಾತು ಮತ್ತೆ ಅವಳು ಎತ್ತಲಿಲ್ಲ. ನಾನು ಅದನ್ನು ತಂಡದವರಿಗೆ ತಮಾಷೆಯಾಗಿ ಹೇಳಿದ್ದೂ ಉಂಟು.

ಓದು ಮುಗಿದು ಅಹಮದಾಬಾದಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯ ಬೋಪಾಲ್ ಬಡಾವಣೆಯಲ್ಲಿ ಮನೆ ಮಾಡಿದೆ. ವಡೋದರಾ ದೂರವೇನಲ್ಲ, ಆದರೂ ಹೋಗುವುದು ಕಡಿಮೆಯಾಯಿತು. ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮ ಕಾಯಿಲೆ ಬಿದ್ದಳು. ನಾನು ತಲುಪುವ ಹೊತ್ತಿಗೆ ಅಪ್ಪ ಅಮ್ಮ ಸೂರತ್ತಿನಿಂದ ಬಂದಾಗಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪನನ್ನು ಕೇಳಿದೆ, "ಚಿಕ್ಕಪ್ಪ ಎಲ್ಲಿ? ನಾನು ಫೋನ್ ಮಾಡ್ಲಾ?"

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಕಿಟಕಿಯ ಕಡೆ ತಿರುಗಿದಳು.

"ಬೇಡ," ಎಂದರು ಅಪ್ಪ. "ಅವನಿಗೆ ಅಲ್ಲಿ ಬೇರೆ ಮನೆ ಉಂಟು."

"ಬೇರೆ ಮನೆ ಅಂದ್ರೆ?"

"ಬೇರೆ ಮನೆ ಅಂದ್ರೆ ಬೇರೆ ಮನೆ. ನೀನು ಶಾಲೆಗೆ ಹೋಗುವಾಗ್ಲೇ. ಆ ಹೋಟೆಲು ಹಾಕಿದ್ದೇ ಅದಕ್ಕೆ."

"ಮತ್ತೆ ಭಾನುವಾರ ನಮ್ಮಲ್ಲಿ ಊಟಕ್ಕೆ ಬರ್ತಿದ್ರಲ್ಲ?"

"ಬಂದವನನ್ನು ಹೊರಗೆ ಹಾಕ್ಲಿಕ್ಕಾಗ್ತದಾ? ಇಲ್ಲಿ ನಮ್ಮವರು ಅಂತ ಇರುದೇ ನಾಲ್ಕು ಮನೆ."

ನಾನು ಒಳಗೆ ಹೋಗಿ ಅವಳ ಪಕ್ಕ ಕೂತೆ. ಹೇಳಬೇಕಾದದ್ದು ಏನೆಂದು ಈಗ ಗೊತ್ತಿತ್ತು. "ಚಿಕ್ಕಮ್ಮ, ಆ ಪುಟದಲ್ಲಿ ನಿನ್ನ ಹೆಸರು..." ಎಂದು ಶುರುಮಾಡಿದೆ. ಅವಳು ಕಣ್ಣು ತೆರೆದು, "ಕಾಫಿ ಕುಡಿದ್ಯಾ?" ಎಂದು ಕೇಳಿದಳು. ಮಂಪರಿನಲ್ಲಿ ನನ್ನ ಮಾತು ಕೇಳಿಸಲಿಲ್ಲವೋ, ಕೇಳಿಸಿ ಬೇಡವೆಂದಳೋ. ಕುಡಿದೆ ಎಂದೆ. ಕುಡಿದಿರಲಿಲ್ಲ.

ಆ ವಾರ ಪುಟ ಮಾಡಿದ್ದ ಗೆಳೆಯನಿಗೆ ಬರೆದೆ, ಹೇಗಾದರೂ ನಡುವಿನ ಹೆಸರು ತೆಗೆಸಲು ಆಗುತ್ತದೆಯೇ ಎಂದು. ಸ್ಪರ್ಧೆಯವರನ್ನು ಕೇಳಿನೋಡಿದ. ಹಳೆಯ ವರ್ಷಗಳ ಪುಟಗಳನ್ನು ಯಾರಿಗೂ ಮುಟ್ಟಲು ಕೊಡುವುದಿಲ್ಲ ಎಂದು ಉತ್ತರ ಬಂತು. ಪರವಾನಗಿಯ ವಿಷಯ ಅವನು ನನಗೆ ಹೇಳಿದ್ದು ಆಗಲೇ. "ನಾನು ಒಳ್ಳೆಯದಾಗಲಿ ಅಂತ ಮಾಡಿದ್ದು," ಎಂದ ಫೋನಿನಲ್ಲಿ. ನನಗೆ ಗೊತ್ತು ಎಂದೆ. ಉತ್ತರ ಬರುವ ಮೊದಲೇ ಚಿಕ್ಕಮ್ಮ ಹೋಗಿಯಾಗಿತ್ತು.

ವಡೋದರಾದಲ್ಲೇ ಇಲ್ಲಿನವರ ರೀತಿಯಂತೆ ಬೇಸಣು ಇಟ್ಟೆವು: ತೀರಿಕೊಂಡವರ ಫೋಟೊದ ಎದುರು ಜನ ಬಂದು ಸ್ವಲ್ಪ ಹೊತ್ತು ಕೂತು ಹೋಗುವುದು. ಫೋಟೊಕ್ಕೆ ಚೌಕಟ್ಟು ಹಾಕಿಸಲು ನಾನೂ ಅಮ್ಮನೂ ಹೋಗಿದ್ದೆವು. ಅಂಗಡಿಯವರು ಕೆಳಗೆ ಬರೆಯಲು ಪೂರ್ತಿ ಹೆಸರು ಕೇಳಿದರು. ನಾನು ಅವಳ ಹೆಸರೊಂದನ್ನೇ ಹೇಳಿದೆ.

"ಪತಿಯ ಹೆಸರು, ಬೆನ್?"

"ಬೇಡ," ಎಂದೆ. ಅಮ್ಮ ತಕರಾರು ಮಾಡುತ್ತಾಳೆ, ಜನ ಕೇಳುತ್ತಾರೆ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು, "ಹೌದು, ಅವನದ್ದು ಬೇಡ," ಎಂದಳು. "ನಿಮ್ಮ ಕಾಲೇಜಿನ ಸಭೆಯಿಂದ ಬಂದ ದಿನವೇ ನಂಗೆ ಫೋನ್ ಮಾಡಿದ್ಲು ಅವಳು," ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದಳು. ಚೌಕಟ್ಟಿನ ಬಣ್ಣಗಳನ್ನು ನೋಡತೊಡಗಿದಳು.

ಬೇಸಣುವಿಗೆ ಚಿಕ್ಕಪ್ಪ ಬಂದರು. ಬಿಳಿ ಅಂಗಿ ಹಾಕಿಕೊಂಡು ಫೋಟೊದ ಪಕ್ಕ ಕೂತು ಬಂದವರಿಗೆಲ್ಲ ಕೈ ಮುಗಿದರು. ಯಾರೂ ಅವರನ್ನು ಏಳಿಸಲಿಲ್ಲ. ನಾನೂ ಏಳಿಸಲಿಲ್ಲ. ಸರ್ ಬಂದಿದ್ದರು, ದೀದಿ ಬಂದಿದ್ದರು, ತಂಡದವರೂ ಬಂದಿದ್ದರು. ಅವರಿಗೆಲ್ಲ ಚಿಕ್ಕಪ್ಪ ಮಾಸಿಯ ಗಂಡ. ಹೋಗಿ ಸಮಾಧಾನ ಹೇಳಿದರು.

ಇಷ್ಟು ಬರೆದಿರುವುದು ಸರಿಯಾದ ಇನ್ನೊಂದು ಕೃತಜ್ಞತೆ ಆಗಲಿ ಎಂದು. ಯಾರ ಹೆಸರನ್ನೂ ಹಾಕಿಲ್ಲ, ಅವಳದ್ದನ್ನೂ. ಇದನ್ನು ಓದಿದ್ದರೆ ಅವಳಿಗೆ ಸಮ್ಮತವಾಗುತ್ತಿತ್ತೇ ಎಂಬುದು ಕೂಡ ನನಗೆ ತಿಳಿಯದು. ಸಭೆಯಿಂದ ಬಂದ ಆ ಸಂಜೆ ನಾನು ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಗೆಳೆಯರು ಕಳಿಸಿದ ಫೋಟೊಗಳನ್ನು ನೋಡುತ್ತ ಇದ್ದಿರಬೇಕು. ಅವಳು ಅಮ್ಮನಿಗೆ ಫೋನ್ ಮಾಡಿದ್ದು ನನಗೆ ಕೇಳಿಸಲಿಲ್ಲ.

ಈ ಚಳಿಗಾಲ ಸೂರತ್ತಿಗೆ ಹೋದಾಗ ಅಮ್ಮ ಬಾಲ್ಕನಿಯಲ್ಲಿ ಕೂತು ಪಾಪಡಿ, ಅಂದರೆ ಅಲ್ಲಿನ ಅವರೆಕಾಯಿ, ಬಿಡಿಸುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. ಆ ದಿನ ಫೋನಿನಲ್ಲಿ ಚಿಕ್ಕಮ್ಮ ಏನು ಹೇಳಿದಳು ಎಂದು ಕೇಳಿದೆ.

"ಈಗ ಎಂತಕ್ಕೆ ಅದೆಲ್ಲ? ಹೋದವಳು ಹೋದ್ಲು."

"ನಂಗೆ ಬೇಕು."

"ನಾರು ಸರಿಯಾಗಿ ತೆಗಿ. ನಿನ್ನ ಅಪ್ಪನಿಗೆ ಹಲ್ಲಿಗೆ ಸಿಕ್ಕಿಕೊಳ್ತದೆ."

ನಾರು ತೆಗೆದೆ. ಬಿಡಿಸಿದ ಕಾಳು ಇಬ್ಬರ ನಡುವಿನ ತಟ್ಟೆಗೆ ಬೀಳುತ್ತಿತ್ತು. ಆಮೇಲೆ ಇನ್ನೊಂದು ರೀತಿಯಲ್ಲಿ ಕೇಳಿದೆ, ಒಂದೇ ಮಾತಿನಲ್ಲಿ ಹೇಳಿದರೂ ಸಾಕು ಎಂಬ ಹಾಗೆ. ಅಮ್ಮ ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

"ಅಮ್ಮಾ, ಅವಳಿಗೆ ಬೇಜಾರಾದದ್ದು ನನ್ನ ಮೇಲಾ, ನಿಮ್ಮ ಮೇಲಾ?"